ಅಪ್‌ಲೋಡ್ ಒತ್ತುವ ಮೊದಲು

ಕಳೆದ ಸಂಚಿಕೆಯಲ್ಲಿ ಮನೆಯಲ್ಲೇ ರೆಕಾರ್ಡಿಂಗ್ ಮಾಡುವುದರ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತಿದ್ದವು. ರೆಕಾರ್ಡಿಂಗ್ ಆಯ್ತು, ಇನ್ನು ಸ್ಪಾಟಿಫೈ, ಜಿಯೋಸಾವನ್, ಆ್ಯಪಲ್ ಮ್ಯೂಸಿಕ್‌ಗೆ ಹಾಕುವುದು ಹೇಗೆ? ಈ ಸಲದ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿಕೊಂಡಿದ್ದರಿಂದ ಎಲ್ಲರದೂ ಊರಿನ ಹೆಸರು ಮಾತ್ರ ಇದೆ.

ನಾವು ಮೂವರು ಗೆಳೆಯರು. ಒಬ್ಬ ಬರೆದ, ಒಬ್ಬ ರಾಗ ಹಾಕಿದ, ನಾನು ಹಾಡಿದೆ. ಸ್ಪಾಟಿಫೈನಲ್ಲಿ ಎಷ್ಟು ಹುಡುಕಿದರೂ ಅಪ್‌ಲೋಡ್ ಬಟನ್ನೇ ಸಿಗುತ್ತಿಲ್ಲ. ಮುಂದಿನ ಶುಕ್ರವಾರ ರಿಲೀಸ್ ಅಂತ ಇನ್‌ಸ್ಟಾದಲ್ಲಿ ಪೋಸ್ಟರ್ ಬೇರೆ ಹಾಕಿಬಿಟ್ಟಿದ್ದೇವೆ. — ಹುಬ್ಬಳ್ಳಿ

ಮೊದಲು ಆ ಶುಕ್ರವಾರವನ್ನು ಒಂದು ತಿಂಗಳು ಮುಂದಕ್ಕೆ ಹಾಕಿ. ಪೋಸ್ಟರ್ ತಿದ್ದಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಆ ಬಟನ್ ಇಲ್ಲವೇ ಇಲ್ಲ. 2018ರಲ್ಲಿ ಕೆಲವು ಕಲಾವಿದರಿಗೆ ನೇರವಾಗಿ ಹಾಡು ಹಾಕಲು ಸ್ಪಾಟಿಫೈ ಅವಕಾಶ ಕೊಟ್ಟಿತ್ತು, 2019ರಲ್ಲಿ ಅದನ್ನು ನಿಲ್ಲಿಸಿತು. ಈಗ ಇರುವ ದಾರಿ ಡಿಸ್ಟ್ರಿಬ್ಯೂಟರ್ ಮೂಲಕ. ನೀವು ಹಾಡು, ಕವರ್ ಚಿತ್ರ, ವಿವರಗಳನ್ನು ಒಂದು ಕಡೆ ಕೊಟ್ಟರೆ ಅವರು ಎಲ್ಲ ಆ್ಯಪ್‌ಗಳಿಗೂ ಕಳಿಸುತ್ತಾರೆ, ಬಂದ ಹಣವನ್ನು ನಿಮಗೆ ತಲುಪಿಸುತ್ತಾರೆ. ಒಬ್ಬೊಬ್ಬರ ಲೆಕ್ಕ ಒಂದೊಂದು ಥರ. ಡಿಸ್ಟ್ರೋಕಿಡ್ ಥರದವರು ವರ್ಷಕ್ಕೆ ಇಷ್ಟು ಅಂತ ತೆಗೆದುಕೊಂಡು ಎಷ್ಟು ಹಾಡು ಬೇಕಾದರೂ ಹಾಕಲು ಬಿಡುತ್ತಾರೆ. ಸಿಡಿ ಬೇಬಿ ಒಂದು ರಿಲೀಸ್‌ಗೆ ಒಂದೇ ಸಲ ಶುಲ್ಕ ತೆಗೆದುಕೊಂಡು, ಮುಂದೆ ಬಂದದ್ದರಲ್ಲಿ ಶೇ. 9 ಇಟ್ಟುಕೊಳ್ಳುತ್ತದೆ. ರೂಟ್‌ನೋಟ್‌ನಲ್ಲಿ ಕೈಯಿಂದ ಏನೂ ಕೊಡದೆ ಹಾಕಬಹುದು, ಆದರೆ ಶೇ. 15 ಅವರದು.

ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ: ನಾನು ದುಡ್ಡು ಕಟ್ಟುವುದು ನಿಲ್ಲಿಸಿದರೆ ನನ್ನ ಹಾಡು ಏನಾಗುತ್ತದೆ? ವಾರ್ಷಿಕ ಶುಲ್ಕದ ಕಡೆ ಸಾಮಾನ್ಯವಾಗಿ ಹಾಡು ಇಳಿದುಹೋಗುತ್ತದೆ. ನನಗೇ ಹೀಗಾಗಿದೆ. ಬ್ಯಾಂಕು ಹೊಸ ಕಾರ್ಡ್ ಕೊಟ್ಟಿತ್ತು, ಡಿಸ್ಟ್ರಿಬ್ಯೂಟರ್ ಖಾತೆಯಲ್ಲಿ ಹಳೇ ಕಾರ್ಡೇ ಇತ್ತು, ಅವರು ಕಳಿಸಿದ ಮೇಲ್‌ಗಳು ಪ್ರೊಮೋಷನ್ಸ್ ಫೋಲ್ಡರಿನಲ್ಲಿ ಬಿದ್ದಿದ್ದವು. ದೀಪಾವಳಿ ವಾರದಲ್ಲಿ ಗೆಳತಿಯೊಬ್ಬಳು ಫೋನ್ ಮಾಡಿ "ನಿನ್ನ ಹಾಡು ಬೂದು ಬಣ್ಣ ಆಗಿದೆ, ಒತ್ತಿದರೆ ಪ್ಲೇ ಆಗ್ತಿಲ್ಲ" ಅಂದಾಗಲೇ ನನಗೆ ಗೊತ್ತಾಗಿದ್ದು. ಮೂರು ಹಾಡು ಹೋಗಿದ್ದವು. ವರ್ಷಕ್ಕೆ ಒಂದೋ ಎರಡೋ ಹಾಡು ಮಾಡುವವರಿಗೆ ಒಂದೇ ಸಲದ ಶುಲ್ಕ ಅಥವಾ ಪಾಲಿನ ಲೆಕ್ಕವೇ ನೆಮ್ಮದಿ. ತಿಂಗಳಿಗೊಂದು ಹಾಡು ಹಾಕುವವರಿಗೆ ವಾರ್ಷಿಕ ಲೆಕ್ಕ ಅಗ್ಗ ಬೀಳುತ್ತದೆ.

ಒಂದು ತಿಂಗಳು ಯಾಕೆ ಅಂದರೆ, ಹಾಡು ಆ್ಯಪ್‌ಗಳಿಗೆ ತಲುಪಿದ ಮೇಲೆ, ರಿಲೀಸ್ ಆಗುವ ಮೊದಲು, ಸ್ಪಾಟಿಫೈ ಕಲಾವಿದರಿಗಾಗಿ ಇಟ್ಟಿರುವ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ನೀವು ಅದನ್ನು ಅವರ ಪ್ಲೇಲಿಸ್ಟ್ ತಂಡಕ್ಕೆ ಪರಿಚಯ ಮಾಡಿಕೊಡಬಹುದು. ಕನಿಷ್ಠ 7 ದಿನ ಮೊದಲು ಮಾಡಿದರೆ ನಿಮ್ಮನ್ನು ಫಾಲೋ ಮಾಡುವವರ ರಿಲೀಸ್ ರೇಡಾರ್ ಅನ್ನುವ ಹೊಸ ಹಾಡುಗಳ ಪಟ್ಟಿಗೆ ಹಾಡು ಹೋಗುತ್ತದೆ. ರಿಲೀಸ್ ಆದಮೇಲೆ ಆ ಬಾಗಿಲು ಮುಚ್ಚುತ್ತದೆ, ಮತ್ತೆ ತೆರೆಯುವುದಿಲ್ಲ. ಅಲ್ಲಿ "ಹೃದಯಸ್ಪರ್ಶಿ ಪ್ರೇಮಗೀತೆ" ಅಂತೆಲ್ಲ ಬರೆಯಬೇಡಿ. ಯಾವ ಊರಿನ ಹುಡುಗರು, ಯಾವ ವಾದ್ಯ, ಯಾವ ಭಾಗದ ಕನ್ನಡ, ಯಾರಿಗಾಗಿ ಬರೆದದ್ದು, ಇಷ್ಟು ಸಾಕು.

ಫೈಲ್ ವೇವ್‌ನಲ್ಲಿ ಇರಲಿ, 44.1 ಕಿಲೋಹರ್ಟ್ಸ್, 16 ಅಥವಾ 24 ಬಿಟ್. ಎಂಪಿ3ಯನ್ನು ವೇವ್‌ಗೆ ತಿರುಗಿಸಿ ಕೊಡಬೇಡಿ, ಹೋದ ಗುಣಮಟ್ಟ ವಾಪಸ್ ಬರುವುದಿಲ್ಲ. ಸದ್ದು ಜಾಸ್ತಿ ಇದ್ದರೆ ಹಾಡು ಎದ್ದು ಕೇಳುತ್ತದೆ ಅಂತ ಮಾಸ್ಟರಿಂಗ್‌ನಲ್ಲಿ ಹಿಂಡಿ ಹಿಂಡಿ ಇಡುವವರಿದ್ದಾರೆ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಸುಮಾರು ಮೈನಸ್ 14 ಲಫ್ಸ್ (ಸದ್ದಿನ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತಂದು ನುಡಿಸುತ್ತದೆ. ನೀವು ಹಿಂಡಿದ್ದು ಅಲ್ಲಿ ಇಳಿದೇ ಇಳಿಯುತ್ತದೆ, ತಬಲಾದ ಪೆಟ್ಟು ಮಾತ್ರ ಸತ್ತಿರುತ್ತದೆ. ಕವರ್ ಚಿತ್ರ ಚೌಕಾಕಾರ, 3000 x 3000 ಪಿಕ್ಸೆಲ್. ಅದರ ಮೇಲೆ ಫೋನ್ ನಂಬರ್, ಇನ್‌ಸ್ಟಾ ಐಡಿ, ಆ್ಯಪ್‌ಗಳ ಲೋಗೋ ಇದ್ದರೆ ವಾಪಸ್ ಬರುತ್ತದೆ.

ಇನ್ನು ಮುಖ್ಯ ಮಾತು. ನೀವು ಮೂವರು ಅಂತ ಬರೆದಿದ್ದೀರಿ. ಒಂದು ಎ4 ಹಾಳೆ ತೆಗೆದುಕೊಳ್ಳಿ. ಹಾಡಿನ ಹೆಸರು, ಸಾಹಿತ್ಯ ಯಾರದು, ರಾಗ ಯಾರದು, ಹಾಡಿದ್ದು ಯಾರು, ರೆಕಾರ್ಡಿಂಗ್ ಖರ್ಚು ಯಾರು ಕೊಟ್ಟರು, ಬರುವ ಹಣದಲ್ಲಿ ಯಾರಿಗೆ ಶೇಕಡಾ ಎಷ್ಟು, ಡಿಸ್ಟ್ರಿಬ್ಯೂಟರ್ ಖಾತೆ ಯಾರ ಹೆಸರಲ್ಲಿ ಇರುತ್ತದೆ. ಮೂವರೂ ಸಹಿ ಮಾಡಿ, ದಿನಾಂಕ ಹಾಕಿ, ಫೋಟೋ ತೆಗೆದು ಮೂವರ ಫೋನಿನಲ್ಲೂ ಇಟ್ಟುಕೊಳ್ಳಿ. ಗೆಳೆತನದಲ್ಲಿ ಇದೆಲ್ಲ ಯಾಕೆ ಅನ್ನಿಸುತ್ತದೆ, ಅಲ್ವಾ? ಗೆಳೆತನ ಚೆನ್ನಾಗಿರುವಾಗಲೇ ಇದನ್ನು ಮಾಡಬೇಕು. ಹಾಡು ಓಡಿದ ಮೇಲೆ ಈ ಹಾಳೆ ಬರೆಯಲು ಕೂತವರು ಮತ್ತೆ ಒಟ್ಟಿಗೆ ಹಾಡಲಿಲ್ಲ, ಅಂಥ ಎರಡು ತಂಡಗಳನ್ನು ಹತ್ತಿರದಿಂದ ನೋಡಿದ್ದೇನೆ.

ನಮ್ಮ ಭಜನಾ ಮೇಳದವರು ಷರೀಫರ ತತ್ವಪದಗಳನ್ನು ರೆಕಾರ್ಡ್ ಮಾಡಿದ್ದೇವೆ. ಷರೀಫರ ಪದಕ್ಕೆ ಕಾಪಿರೈಟ್ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಸಿ. ಅಶ್ವಥ್ ಅವರ ಧಾಟಿಯಲ್ಲಿ ಹಾಡಿದ್ದೇವೆ. ಹಾಕಬಹುದಾ? — ಹಾವೇರಿ ಜಿಲ್ಲೆ

ಪದ ಹಾಕಬಹುದು, ಧಾಟಿ ಹಾಕುವ ಹಾಗಿಲ್ಲ.

ನಮ್ಮ ಕಾನೂನಿನಲ್ಲಿ ಬರೆದವರು ಬದುಕಿರುವವರೆಗೆ, ಅವರು ತೀರಿಕೊಂಡ ಮೇಲೆ ಇನ್ನೂ 60 ವರ್ಷ ಹಕ್ಕು ಇರುತ್ತದೆ. ಷರೀಫರು ನಿಮ್ಮದೇ ಜಿಲ್ಲೆಯ ಶಿಶುವಿನಹಾಳದವರು, 1889ರಲ್ಲಿ ತೀರಿಕೊಂಡರು. ಅವರ ಪದಗಳು ಎಲ್ಲರವು. ಆದರೆ ರಾಗ ಹಾಕಿದ್ದು ಬೇರೆಯದೇ ಕೃತಿ, ಅದಕ್ಕೆ ಅದರದೇ ಹಕ್ಕು. ಅಶ್ವಥ್ ಅವರು ತೀರಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ. ಲೆಕ್ಕ ಹಾಕಿ, ಅವರು ಹಾಕಿದ ರಾಗಗಳ ಹಕ್ಕು 2069ರ ಕೊನೆವರೆಗೆ ಇರುತ್ತದೆ. ಆ ಹಕ್ಕು ಇವತ್ತು ಯಾರ ಕೈಯಲ್ಲಿದೆಯೋ, ಕುಟುಂಬವಾಗಲಿ ಆಡಿಯೋ ಕಂಪನಿಯಾಗಲಿ, ಅವರ ಲಿಖಿತ ಒಪ್ಪಿಗೆ ಬೇಕು.

ಒಪ್ಪಿಗೆ ಇಲ್ಲದೆ ಹಾಕಿದರೆ ಏನಾಗುತ್ತದೆ ಅಂತ ನೀವು ಮುಂದೆ ಕೇಳುತ್ತೀರಿ. ಯೂಟ್ಯೂಬಿನಲ್ಲಿ ಹಕ್ಕಿರುವ ಹಾಡನ್ನು ತಾನಾಗಿ ಪತ್ತೆ ಹಚ್ಚುವ ಕಂಟೆಂಟ್ ಐಡಿ ವ್ಯವಸ್ಥೆ ರೆಕಾರ್ಡಿಂಗನ್ನು ಮಾತ್ರವಲ್ಲ, ರಾಗವನ್ನೂ ಗುರುತಿಸುತ್ತದೆ. ನಿಮ್ಮದೇ ಧ್ವನಿ, ನಿಮ್ಮದೇ ಹಾರ್ಮೋನಿಯಂ ಆದರೂ ಇದರ ಹಕ್ಕು ನಮ್ಮದು ಅನ್ನುವ ಕ್ಲೇಮ್ ಬರಬಹುದು. ಡಿಸ್ಟ್ರಿಬ್ಯೂಟರ್‌ಗೆ ದೂರು ಹೋದರೆ ಹಾಡು ಎಲ್ಲ ಕಡೆಯಿಂದ ಇಳಿಯುತ್ತದೆ. ಖಾತೆಯೇ ಮುಚ್ಚಿದರೆ ಅದರಲ್ಲಿದ್ದ ಬೇರೆ ಹಾಡುಗಳೂ ಹೋದ ಹಾಗೆ.

ನನ್ನ ಮನಸ್ಸಿನ ಮಾತು ಹೇಳಲಾ? ನಿಮ್ಮ ಮೇಳಕ್ಕೆ ಅದರದೇ ಧಾಟಿ ಇದೆಯಲ್ಲ. ಕ್ಯಾಸೆಟ್ ಬರುವ ಮೊದಲಿನಿಂದ, ನಿಮ್ಮ ಹಿರಿಯರು ಮಠದ ಪಡಸಾಲೆಯಲ್ಲಿ ಏಕತಾರಿ, ದಮ್ಮಡಿ, ತಾಳ ಹಿಡಿದು ಹಾಡಿಕೊಂಡು ಬಂದದ್ದು. ಅದನ್ನು ರೆಕಾರ್ಡ್ ಮಾಡಿ. ಅಶ್ವಥ್ ಧಾಟಿ ಈಗಾಗಲೇ ಎಲ್ಲರ ಫೋನಿನಲ್ಲೂ ಇದೆ, ನಿಮ್ಮ ಊರಿನ ಧಾಟಿ ಎಲ್ಲೂ ಇಲ್ಲ. ರಘು ದೀಕ್ಷಿತ್ ಷರೀಫರ ಪದಕ್ಕೆ ಹೊಸ ರಾಗ ಕಟ್ಟಿ ಹಾಡಿದರು, ಅದು ಇನ್ನೊಂದು ದಾರಿ. ಎರಡರಲ್ಲೂ ಯಾರ ಅಪ್ಪಣೆಯೂ ಬೇಕಿಲ್ಲ. ಹಳೇ ಧಾಟಿ ಹಾಡಿದರೆ ರಾಗ ಸಂಯೋಜನೆಯ ಜಾಗದಲ್ಲಿ ಸಾಂಪ್ರದಾಯಿಕ ಅಂತ ಬರೆಯಿರಿ, ಸಾಹಿತ್ಯದ ಜಾಗದಲ್ಲಿ ಷರೀಫರ ಹೆಸರು.

ಇದೇ ಪತ್ರದ ಕೊನೆಯಲ್ಲಿ ಮುಂದೆ ಬೇಂದ್ರೆಯವರ ಕವನ ಹಾಡುವ ಆಸೆ ಇದೆ ಅಂತ ಬರೆದಿದ್ದೀರಿ. ಹಳೆಯದು ಅಂದರೆ ಎಲ್ಲರದು ಅಂತ ತಿಳಿಯಬೇಡಿ. ಬಸವಣ್ಣನವರ ವಚನ, ಪುರಂದರದಾಸರು, ಕನಕದಾಸರು, ಇವರ ಸಾಹಿತ್ಯಕ್ಕೆ ತೊಂದರೆ ಇಲ್ಲ. ಬೇಂದ್ರೆ 1981ರಲ್ಲಿ ತೀರಿಕೊಂಡರು, ಹಕ್ಕು 2041ರ ಕೊನೆವರೆಗೆ. ಕುವೆಂಪು 1994, ಹಾಗಾಗಿ 2054. ಕೆ.ಎಸ್. ನರಸಿಂಹಸ್ವಾಮಿ 2003, ಹಾಗಾಗಿ 2063. ಹೊಸ ರಾಗ ಹಾಕಿದರೂ ಸಾಹಿತ್ಯಕ್ಕೆ ಒಪ್ಪಿಗೆ ಬೇಕು. ಯಾವ ಕವನ, ಎಷ್ಟು ಸಾಲು, ಎಲ್ಲೆಲ್ಲಿ ಹಾಕುತ್ತೀರಿ, ಹಣ ಬಂದರೆ ಏನು ಮಾಡುತ್ತೀರಿ ಅಂತ ಸ್ಪಷ್ಟವಾಗಿ ಪತ್ರ ಬರೆದು ಹಕ್ಕುದಾರರನ್ನು ಕೇಳಿ. ಉತ್ತರ ಬರುವವರೆಗೆ ಹಾಡನ್ನು ಹಾಕಬೇಡಿ, ಅಷ್ಟೆ.

ನನ್ನ ಮೊದಲ ಹಾಡು "ಮಳೆ" ರಿಲೀಸ್ ಆಯಿತು. ಆದರೆ ಅದು ನನ್ನ ಹೆಸರಿನವರೇ ಆದ ಯಾರೋ ಭಕ್ತಿಗೀತೆ ಗಾಯಕರ ಪುಟದಲ್ಲಿ ಕಾಣಿಸುತ್ತಿದೆ. ಹುಡುಕಿದರೆ ಸಿಗುವುದೂ ಇಲ್ಲ. — ಮಂಗಳೂರು

ಎರಡೂ ಸರಿಮಾಡಬಹುದು, ಗಾಬರಿ ಬೇಡ. ಹಾಡು ಕಳಿಸುವಾಗ ಡಿಸ್ಟ್ರಿಬ್ಯೂಟರ್ ಫಾರಂನಲ್ಲಿ "ಈ ಕಲಾವಿದರು ಈಗಾಗಲೇ ಸ್ಪಾಟಿಫೈನಲ್ಲಿ ಇದ್ದಾರಾ" ಅಂತ ಒಂದು ಪ್ರಶ್ನೆ ಇರುತ್ತದೆ. ಅಲ್ಲಿ ಹೊಸಬರು ಅಂತ ಹೇಳದೆ ಹೋದರೆ, ಅದೇ ಹೆಸರಿನವರ ಪುಟಕ್ಕೆ ಹಾಡು ಹೋಗಿ ಕೂರುತ್ತದೆ. ಈಗ ಡಿಸ್ಟ್ರಿಬ್ಯೂಟರ್‌ಗೆ ಬರೆದು ಹೊಸ ಪುಟ ಮಾಡಿಸಿ ಅಂತ ಕೇಳಿ. ಮುಂದಿನ ಹಾಡಿನಿಂದ ನಿಮ್ಮ ಪುಟದ ಲಿಂಕನ್ನೇ ಕೊಡಿ. ನಿಮ್ಮದು ತುಂಬಾ ಜನರಿಗಿರುವ ಹೆಸರು. ಊರಿನ ಹೆಸರನ್ನೋ ಮನೆತನದ ಹೆಸರನ್ನೋ ಸೇರಿಸಿಕೊಳ್ಳಿ, ಒಂದೇ ಹಾಡು ಆಗಿರುವಾಗ ಬದಲಿಸುವುದು ಸುಲಭ. ಆಮೇಲೆ ಎಲ್ಲ ಕಡೆ ಅದೇ ಹೆಸರು, ಅದೇ ಸ್ಪೆಲ್ಲಿಂಗ್.

ಹುಡುಕಿದರೆ ಸಿಗದಿರುವುದಕ್ಕೆ ಕಾರಣ ಸ್ಪೆಲ್ಲಿಂಗ್. ಮಳೆ ಅಂತ ಇಂಗ್ಲಿಷ್ ಅಕ್ಷರದಲ್ಲಿ ಎಂ-ಎ-ಎಲ್-ಇ ಬರೆದರೆ ಅದು ಗಂಡು ಅನ್ನುವ ಇಂಗ್ಲಿಷ್ ಪದ, ಪ್ರಪಂಚದ ಎಷ್ಟೋ ಹಾಡುಗಳು ಅದರ ಮುಂದೆ ನಿಲ್ಲುತ್ತವೆ. ಹೊಳೆ, ಮನೆ, ಎರಡಕ್ಕೂ ಇದೇ ಕಷ್ಟ. ಶೀರ್ಷಿಕೆ ಎರಡು ಪದದ್ದಾಗಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಕನ್ನಡ ಲಿಪಿಯಲ್ಲೇ ಶೀರ್ಷಿಕೆ ಕೊಡಬಹುದು, ನನಗೆ ಅದೇ ಇಷ್ಟ, ಆದರೆ ಒಂದೇ ಸಾಲಿನಲ್ಲಿ ಎರಡೂ ಲಿಪಿ ತುರುಕಬೇಡಿ, ವಾಪಸ್ ಬರುವ ಸಂಭವ ಜಾಸ್ತಿ. ಭಾಷೆ ಕೇಳುವ ಜಾಗದಲ್ಲಿ ಕನ್ನಡ ಅಂತ ಆಯ್ಕೆ ಮಾಡಿ. ಅಲ್ಲಿ ಮೊದಲೇ ಇಂಗ್ಲಿಷ್ ಅಂತ ಇರುತ್ತದೆ, ಅವಸರದಲ್ಲಿ ಬಿಟ್ಟುಬಿಡುತ್ತೇವೆ. ಮ್ಯೂಸಿಕ್ಸ್‌ಮ್ಯಾಚ್‌ನಲ್ಲಿ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಟೈಪ್ ಮಾಡಿ ಹಾಕಿ, ಸ್ಪಾಟಿಫೈಗೆ ಸಾಹಿತ್ಯ ಹೋಗುವುದು ಅಲ್ಲಿಂದ. ಒಂದು ಸಂಜೆಯ ಕೆಲಸ. ಕೇಳುವವರು ಓದಿಕೊಂಡು ಜೊತೆಗೆ ಗುನುಗುತ್ತಾರೆ.

ಎರಡು ವರ್ಷದ ಹಿಂದೆ ಒಂದು ಸ್ಟುಡಿಯೋಗೆ 18 ಸಾವಿರ ಕೊಟ್ಟು ಹಾಡು ಮಾಡಿಸಿದೆ. ಸಾಹಿತ್ಯ, ರಾಗ, ಹಾಡಿದ್ದು ನಾನೇ. ಅಪ್‌ಲೋಡ್ ಅವರೇ ಮಾಡಿಕೊಟ್ಟರು. ಈಗ 60 ಸಾವಿರ ಸ್ಟ್ರೀಮ್ ದಾಟಿದೆ. ಹಣ ಕೇಳಿದರೆ ಹಾಡಿನ ಹಕ್ಕು ನಮ್ಮದು ಅನ್ನುತ್ತಾರೆ. ನಾನು ಯಾವ ಪೇಪರಿಗೂ ಸಹಿ ಹಾಕಿಲ್ಲ. — ಬೆಂಗಳೂರು

ಸಹಿ ಹಾಕಿಲ್ಲ ಅಂತ ನೀವು ಬೇಜಾರಿನಲ್ಲಿ ಬರೆದಂತಿದೆ. ಅದೇ ನಿಮ್ಮ ಬಲ.

1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ ಅದು ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಬಾಯಿಮಾತಿಗೆ ಬೆಲೆ ಇಲ್ಲ. ಸಾಹಿತ್ಯ ಮತ್ತು ರಾಗ ನಿಮ್ಮವು, ಅದರಲ್ಲಿ ಅನುಮಾನವೇ ಇಲ್ಲ. ರೆಕಾರ್ಡಿಂಗ್ ವಿಷಯಕ್ಕೆ ಬಂದರೆ, ಅದನ್ನು ಮಾಡಿಸಲು ಮುಂದಾಗಿ ಜವಾಬ್ದಾರಿ ಹೊತ್ತವರೇ ನಿರ್ಮಾಪಕರು ಅಂತ ಕಾಯ್ದೆ ಹೇಳುತ್ತದೆ. ದುಡ್ಡು ಕೊಟ್ಟು, ಹಾಡು ತಂದು, ದಿನ ಗೊತ್ತುಮಾಡಿ ಮಾಡಿಸಿದ್ದು ನೀವು. ಸ್ಟುಡಿಯೋ ಕೆಲಸ ಮಾಡಿತು, ಕೂಲಿ ತೆಗೆದುಕೊಂಡಿತು. ಬಣ್ಣ ಬಳಿದವರು ಮನೆ ತಮ್ಮದು ಅನ್ನುವುದಕ್ಕೆ ಆಗುತ್ತದಾ? ಅವರು ಅರೇಂಜ್‌ಮೆಂಟ್ ಮಾಡಿದ್ದರೆ, ಹೊಸ ಇಂಟರ್‌ಲೂಡ್ ಕಟ್ಟಿದ್ದರೆ, ಆ ಹೆಸರು ಅವರಿಗೆ ಸಲ್ಲಬೇಕು. ಅದನ್ನು ನೀವೂ ಧಾರಾಳವಾಗಿ ಕೊಡಿ.

ಈಗ ಮಾಡಬೇಕಾದ್ದು. ಹಣ ಕಳಿಸಿದ ಯುಪಿಐ ರಸೀದಿ, ವಾಟ್ಸಾಪ್ ಚಾಟ್, ಮೊದಲು ಫೋನಿನಲ್ಲಿ ಹಾಡಿಕೊಂಡ ಡೆಮೋ, ಇವನ್ನೆಲ್ಲ ದಿನಾಂಕ ಕಾಣುವಂತೆ ಒಂದು ಕಡೆ ಇಡಿ. ಸ್ಟುಡಿಯೋದಿಂದ ವೇವ್ ಮಾಸ್ಟರ್ ಮತ್ತು ಒಂದೊಂದು ವಾದ್ಯದ ಬೇರೆ ಬೇರೆ ಟ್ರ್ಯಾಕ್‌ಗಳನ್ನು ಕೇಳಿ ತೆಗೆದುಕೊಳ್ಳಿ. ಆಮೇಲೆ ಹಾಡಿನ ಐಎಸ್‌ಆರ್‌ಸಿ ಹುಡುಕಿ. ಇದು 12 ಅಕ್ಷರ-ಅಂಕಿಗಳ ಗುರುತು, ಒಂದು ರೆಕಾರ್ಡಿಂಗ್‌ಗೆ ಒಂದೇ. ರೆಕಾರ್ಡಿಂಗ್ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಐಎಫ್‌ಪಿಐ ನಡೆಸುವ ಹುಡುಕಾಟದ ಪುಟದಲ್ಲಿ ಹಾಡಿನ ಹೆಸರು ಹಾಕಿದರೆ ಸಿಗುತ್ತದೆ.

ನಿಮ್ಮದೇ ಖಾತೆ ತೆರೆದು, ಅದೇ ಆಡಿಯೋ, ಅದೇ ಶೀರ್ಷಿಕೆ, ಅದೇ ಐಎಸ್‌ಆರ್‌ಸಿ ಹಾಕಿ ಕಳಿಸಿ. ಹೊಸ ಐಎಸ್‌ಆರ್‌ಸಿ ತೆಗೆದುಕೊಂಡರೆ 60 ಸಾವಿರ ಸೊನ್ನೆಯಾಗುತ್ತದೆ. ಹೊಸದು ಎಲ್ಲ ಕಡೆ ಕಾಣಿಸಿ, ಪ್ಲೇ ಲೆಕ್ಕ ಜೋಡಿಕೊಂಡ ಮೇಲಷ್ಟೇ ಹಳೆಯದನ್ನು ಇಳಿಸಿ ಅಂತ ಸ್ಟುಡಿಯೋಗೆ ಹೇಳಿ. ಬಹಳ ಜನ ಸಿಟ್ಟಿನಲ್ಲಿ ಮೊದಲು ಇಳಿಸುತ್ತಾರೆ, ಆಮೇಲೆ ಪ್ಲೇಲಿಸ್ಟ್‌ಗಳಿಂದ ಹಾಡು ಬಿದ್ದುಹೋಗಿರುತ್ತದೆ. ಅವರು ಒಪ್ಪದಿದ್ದರೆ ಅವರು ಬಳಸಿದ ಡಿಸ್ಟ್ರಿಬ್ಯೂಟರ್‌ಗೇ ದಾಖಲೆ ಸಮೇತ ದೂರು ಕೊಡಿ. ಅದಕ್ಕೂ ಬಗ್ಗದಿದ್ದರೆ ವಕೀಲರಿಂದ ಒಂದು ನೋಟಿಸ್.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಸಹಿ ಹಾಕಿದ್ದರೂ ಪೇಪರ್ ಓದಿ ನೋಡಿ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತಲೇ ಹಿಡಿಯುತ್ತದೆ. ಯಾವ ದೇಶಗಳಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ.

ಇನ್‌ಸ್ಟಾದಲ್ಲಿ ಒಬ್ಬರು 2,500 ರೂಪಾಯಿಗೆ 10 ಸಾವಿರ ಸ್ಟ್ರೀಮ್ ಗ್ಯಾರಂಟಿ ಅನ್ನುತ್ತಿದ್ದಾರೆ. ಕೊಡಬಹುದಾ? — ಮೈಸೂರು

ಬೇಡ. ಅದು ಯಂತ್ರಗಳ ಕೇಳುವಿಕೆ. ಸ್ಪಾಟಿಫೈ ಅದನ್ನು ಪತ್ತೆ ಹಚ್ಚಿ ಲೆಕ್ಕದಿಂದ ತೆಗೆಯುತ್ತದೆ. 2024ರಿಂದ ಕಳ್ಳ ಸ್ಟ್ರೀಮ್ ವಿಪರೀತ ಇರುವ ಹಾಡಿಗೆ ಲೇಬಲ್ ಮತ್ತು ಡಿಸ್ಟ್ರಿಬ್ಯೂಟರ್ ಮೇಲೆ ದಂಡ ಹಾಕುತ್ತಿದೆ, ಅವರು ಅದನ್ನು ನಿಮ್ಮ ತಲೆಗೆ ಕಟ್ಟಬಹುದು ಅಥವಾ ಹಾಡನ್ನೇ ಕಿತ್ತು ಹಾಕಬಹುದು. ಆ 2,500 ರೂಪಾಯಿಯಲ್ಲಿ ಒಳ್ಳೆ ಕವರ್ ಫೋಟೋ ತೆಗೆಸಿ. ಇಲ್ಲವಾದರೆ ಕೊಳಲಿನವರನ್ನು ಇನ್ನೊಂದು ಗಂಟೆ ಕರೆಸಿ.

ಒಂದು ಸ್ಟ್ರೀಮ್‌ಗೆ ಎಷ್ಟು ಬರುತ್ತದೆ? ಆರು ತಿಂಗಳಾಯಿತು, ನನ್ನ ಖಾತೆಯಲ್ಲಿ ಏನೂ ಕಾಣುತ್ತಿಲ್ಲ. — ದಾವಣಗೆರೆ

ಒಂದಕ್ಕೆ ಇಷ್ಟು ಅಂತ ನಿಗದಿ ಇಲ್ಲ. ತಿಂಗಳಲ್ಲಿ ಚಂದಾ ಮತ್ತು ಜಾಹೀರಾತಿನಿಂದ ಬಂದದ್ದರಲ್ಲಿ ಹಾಡಿನವರಿಗೆ ಅಂತ ಇಟ್ಟ ಮೊತ್ತವನ್ನು, ಒಟ್ಟು ಕೇಳಿದ್ದರಲ್ಲಿ ನಿಮ್ಮ ಹಾಡಿನ ಪಾಲು ಎಷ್ಟೋ ಅಷ್ಟಕ್ಕೆ ಹಂಚುತ್ತಾರೆ. ನಮ್ಮಲ್ಲಿ ಚಂದಾ ಕಡಿಮೆ, ಜಾಹೀರಾತು ಕೇಳಿಕೊಂಡು ಉಚಿತವಾಗಿ ಕೇಳುವವರು ಜಾಸ್ತಿ. ಹಾಗಾಗಿ ದಾವಣಗೆರೆಯಲ್ಲಿ ಕೇಳಿದ್ದಕ್ಕಿಂತ ಡಲ್ಲಾಸ್‌ನಲ್ಲಿರುವ ಕನ್ನಡಿಗರು ಚಂದಾ ಕೊಟ್ಟು ಕೇಳಿದ್ದಕ್ಕೆ ಹೆಚ್ಚು ಬರುತ್ತದೆ. ಅಲ್ಲಿನ ಕನ್ನಡ ಕೂಟದಲ್ಲಿ ನಿಮಗೆ ಯಾರಾದರೂ ಗೊತ್ತಿದ್ದರೆ ಲಿಂಕ್ ಕಳಿಸಿ, ಸಂಕೋಚ ಬೇಡ.

ಏನೂ ಕಾಣದಿರುವುದಕ್ಕೆ ಎರಡು ಕಾರಣ ಇರಬಹುದು. ಲೆಕ್ಕ ಎರಡು ಮೂರು ತಿಂಗಳು ತಡವಾಗಿ ಬರುತ್ತದೆ, ಅದು ಮಾಮೂಲಿ. ಇನ್ನೊಂದು, 2024ರಿಂದ ಸ್ಪಾಟಿಫೈ ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ದಾಟದ ಹಾಡಿಗೆ ಹಣ ಕೊಡುತ್ತಿಲ್ಲ. ಹೊಸಬರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಸಣ್ಣ ಮೊತ್ತವಾದರೂ ಅದು ದುಡಿದವರದು. ಆದರೆ ನಿಯಮ ಸದ್ಯಕ್ಕೆ ಹೀಗಿದೆ. ಹಾಗಾಗಿ ಹತ್ತು ಹಾಡನ್ನು ಒಟ್ಟಿಗೆ ಸುರಿಯುವ ಬದಲು, ಒಂದೊಂದನ್ನೇ ಬಿಟ್ಟು ಪ್ರತಿಯೊಂದನ್ನೂ ಸಾವಿರ ದಾಟಿಸುವುದು ಲೇಸು.

ಡಿಸ್ಟ್ರಿಬ್ಯೂಟರ್ ಅಮೆರಿಕದ ಕಂಪನಿಯಾಗಿದ್ದರೆ ಡಬ್ಲ್ಯು-8 ಬೆನ್ ಅನ್ನುವ ತೆರಿಗೆ ಫಾರಂ ತುಂಬಲು ಕೇಳುತ್ತಾರೆ. ಅದನ್ನು ಖಾಲಿ ಬಿಡಬೇಡಿ. ತುಂಬದಿದ್ದರೆ ಅಮೆರಿಕದಲ್ಲಿ ಗಳಿಸಿದ್ದರಲ್ಲಿ ಶೇ. 30ರವರೆಗೆ ಅಲ್ಲೇ ಕಡಿತವಾಗಬಹುದು. ಪ್ಯಾನ್ ನಂಬರ್ ಕೊಟ್ಟು ಭಾರತದ ಒಪ್ಪಂದದ ದರ ಕೇಳಿದರೆ ರಾಯಲ್ಟಿಗೆ ಸಾಮಾನ್ಯವಾಗಿ ಶೇ. 15.

ಬರೆದವರಿಗೂ ರಾಗ ಹಾಕಿದವರಿಗೂ ಇನ್ನೊಂದು ಹಣ ಇದೆ, ಅದನ್ನು ಡಿಸ್ಟ್ರಿಬ್ಯೂಟರ್ ತಂದುಕೊಡುವುದಿಲ್ಲ. ಅದನ್ನು ವಸೂಲು ಮಾಡಿ ಹಂಚುವುದು ಐಪಿಆರ್‌ಎಸ್, 1969ರಲ್ಲಿ ಶುರುವಾದ ಸೊಸೈಟಿ. ಸದಸ್ಯರಾಗಿ, ನಿಮ್ಮ ಹಾಡುಗಳನ್ನು ಅಲ್ಲಿ ನೋಂದಾಯಿಸಿ. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಆದಮೇಲೆ ಈ ರಾಯಲ್ಟಿಯ ಪಾಲನ್ನು ಬರೆದವರಿಂದ, ರಾಗ ಹಾಕಿದವರಿಂದ ಕಂಪನಿಗಳು ಪೂರ್ತಿ ಬರೆಸಿಕೊಳ್ಳುವ ಹಾಗಿಲ್ಲ. ನಮ್ಮ ಹಳೇ ಗೀತರಚನೆಕಾರರಲ್ಲಿ ಎಷ್ಟು ಜನ ಒಂದು ಸಲದ ಸಂಭಾವನೆಯಲ್ಲೇ ಮುಗಿಸಿಕೊಂಡು ಹೋದರು! ನಿಮಗೆ ಸಿಕ್ಕಿರುವ ಈ ಹಕ್ಕನ್ನು ಫಾರಂ ತುಂಬುವ ಸೋಮಾರಿತನಕ್ಕೆ ಬಿಟ್ಟುಕೊಡಬೇಡಿ.

ಮಗಳಿಗೆ 15 ವರ್ಷ. ತಾನೇ ಬರೆದು ಗಿಟಾರ್ ನುಡಿಸಿ ಹಾಡಿದ್ದಾಳೆ. ಅವಳ ಹೆಸರಲ್ಲೇ ಖಾತೆ ತೆರೆಯಬಹುದಾ? — ಶಿವಮೊಗ್ಗ

ನಮ್ಮಲ್ಲಿ ಒಪ್ಪಂದಕ್ಕೆ 18 ತುಂಬಿರಬೇಕು ಅಮ್ಮಾ. ಖಾತೆ ನಿಮ್ಮ ಹೆಸರಲ್ಲಿ ತೆರೆಯಿರಿ. ಕಲಾವಿದೆ, ಸಾಹಿತ್ಯ, ರಾಗ, ಎಲ್ಲ ಕಡೆ ಮಗಳ ಹೆಸರು ಇರಲಿ. ಪಾಸ್‌ವರ್ಡ್ ಮತ್ತು ಹಾಡಿನ ಮೂಲ ಫೈಲುಗಳು ಅವಳ ಹತ್ತಿರವೂ ಒಂದು ಪ್ರತಿ ಇರಲಿ. ಗಿಟಾರ್ ಹಿಂದೆ ಬಳಸಿದ ತಾಳದ ಲೂಪ್ ಯಾವುದೋ ಆ್ಯಪ್‌ನಿಂದ ತೆಗೆದುಕೊಂಡದ್ದು ಅಂತ ಬರೆದಿದ್ದೀರಿ. ಹಾಗಿದ್ದರೆ ಡಿಸ್ಟ್ರಿಬ್ಯೂಟರ್ ಫಾರಂನಲ್ಲಿ ಕಂಟೆಂಟ್ ಐಡಿ ಆಯ್ಕೆಯನ್ನು ಒತ್ತಬೇಡಿ. ಅದೇ ಲೂಪ್ ಬಳಸಿದ ಬೇರೆ ಮಕ್ಕಳ ವಿಡಿಯೋಗಳಿಗೆ ನಿಮ್ಮ ಹೆಸರಲ್ಲಿ ಕ್ಲೇಮ್ ಹೋಗುತ್ತದೆ.

ನಮ್ಮಜ್ಜಿಗೆ 81 ವರ್ಷ. ಸೋಬಾನೆ ಪದ ನೂರಾರು ಬರುತ್ತವೆ. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿ ಹಾಕೋಣ ಅಂತಿದ್ದೇನೆ. ರಾಗ, ಸಾಹಿತ್ಯ ಯಾರದು ಅಂತ ಬರೆಯಲಿ? ನನ್ನ ಹೆಸರು ಹಾಕಿದರೆ ತಪ್ಪಾ? — ತುಮಕೂರು ಜಿಲ್ಲೆ

ಈ ಪತ್ರ ಬಂದ ದಿನ ನಾನು ಬೇರೆ ಕೆಲಸ ಮಾಡಲಿಲ್ಲ.

ಸಾಹಿತ್ಯ, ರಾಗ ಎರಡೂ ಜಾಗದಲ್ಲಿ ಸಾಂಪ್ರದಾಯಿಕ ಅಂತ ಬರೆಯಿರಿ. ಅದಕ್ಕೆ ನಿಮ್ಮ ಹೆಸರು ಹಾಕಬೇಡಿ, ಅದು ಊರಿನದು. ನಾಳೆ ಪಕ್ಕದ ಊರಿನ ಹೆಣ್ಣುಮಗಳು ಅದೇ ಪದ ಹಾಡಿ ಹಾಕಿದರೆ ಅವಳಿಗೆ ಅಡ್ಡಿ ಆಗಬಾರದು ನೋಡಿ. ಮುಖ್ಯ ಕಲಾವಿದರ ಜಾಗದಲ್ಲಿ ಅಜ್ಜಿಯ ಹೆಸರು. ಹಾಡಿದವರ ಹಕ್ಕು ಅಂತ ಕಾಯ್ದೆಯಲ್ಲಿ ಬೇರೆಯೇ ಇದೆ, ಹಾಡಿದ ವರ್ಷ ಕಳೆದ ಮೇಲೆ 50 ವರ್ಷ ಅದು ಅಜ್ಜಿಯದು, ಅವರ ನಂತರ ಮನೆಯವರದು. ರೆಕಾರ್ಡಿಂಗ್ ಮಾಡಿದವರು ಅಂತ ನಿಮ್ಮ ಹೆಸರು ಬರಲಿ, ಅದು ನಿಮಗೆ ಸಲ್ಲಬೇಕಾದ್ದು. ಬಂದ ಹಣ ಎಷ್ಟೇ ಆಗಲಿ, ಅಜ್ಜಿಯ ಪಾಸ್‌ಬುಕ್ಕಿಗೆ ಹಾಕಿ.

ಡ್ರಮ್ ಸೇರಿಸಿ ಮಾಡರ್ನ್ ಮಾಡಲಾ ಅಂತಲೂ ಕೇಳಿದ್ದೀರಿ. ಬೇಕಾದರೆ ಆಮೇಲೆ, ಬೇರೆ ರಿಲೀಸ್ ಆಗಿ ಮಾಡಿ. ಮೊದಲು ಬರೀ ಧ್ವನಿ ಇರಲಿ. ಬೆಳಿಗ್ಗೆ ಹತ್ತರ ಹೊತ್ತಿಗೆ, ತಿಂಡಿ ಮುಗಿದು ಅಡುಗೆ ಶುರುವಾಗುವ ಮೊದಲು ಕೂತುಕೊಳ್ಳಿ. ಫ್ಯಾನ್, ಫ್ರಿಜ್ ಎರಡೂ ಆಫ್. ಬರಿಗೋಡೆಯ ಹಾಲ್ ಬೇಡ, ಹಾಸಿಗೆ ಬಟ್ಟೆ ಇರುವ ಕೋಣೆಯಲ್ಲಿ ಪ್ರತಿಧ್ವನಿ ಕಡಿಮೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬಾಯಿಯ ನೇರಕ್ಕೆ ಹಿಡಿಯದೆ, ಎರಡು ಗೇಣು ದೂರದಲ್ಲಿ ಸ್ವಲ್ಪ ಪಕ್ಕಕ್ಕೆ ಇಡಿ. ಬಳೆ ಸದ್ದು ಬಂದರೆ ಬರಲಿ. ಒಬ್ಬರೇ ಹಾಡಿದರೆ ಅಜ್ಜಿಗೆ ಮರೆತುಹೋಗಬಹುದು, ಸೊಲ್ಲು ಹಿಡಿಯಲು ಜೊತೆಯವರು ಯಾರಾದರೂ ಇದ್ದರೆ ಕರೆಸಿ, ಅವರ ಹೆಸರನ್ನೂ ಬರೆದುಕೊಳ್ಳಿ.

ಶುರುವಿನಲ್ಲಿ ಅಜ್ಜಿ ತಮ್ಮ ಹೆಸರು, ತವರೂರು, ಈ ಪದ ಯಾರಿಂದ ಕಲಿತದ್ದು, ಮದುವೆಯ ಯಾವ ಶಾಸ್ತ್ರಕ್ಕೆ ಹಾಡುವುದು, ಇದನ್ನು ಎಲ್ಲರಿಗೂ ಕೇಳಿಸಲು ಒಪ್ಪಿಗೆ ಇದೆಯಾ, ಇಷ್ಟನ್ನು ಅವರ ಬಾಯಲ್ಲೇ ಹೇಳಿಸಿ. ಇದನ್ನು ಹಾಡಿನ ಜೊತೆ ಸೇರಿಸದೆ ಬೇರೆ ಫೈಲ್ ಮಾಡಿ ಇಟ್ಟುಕೊಳ್ಳಿ. ಕೆಲವು ಪದ ಹೊರಗೆ ಹಾಡುವಂಥದ್ದಲ್ಲ ಅಂತ ಅವರು ಅಂದರೆ ಅವನ್ನು ಹಾಕಬೇಡಿ, ರೆಕಾರ್ಡ್ ಮಾತ್ರ ಮಾಡಿ ಮನೆಯಲ್ಲಿ ಇಡಿ.

ಹೆಸರನ್ನು ಅಜ್ಜಿ ಹೇಗೆ ಹೇಳುತ್ತಾರೋ ಹಾಗೇ ಬರೆಯಿರಿ. ಆಧಾರ್ ಕಾರ್ಡಿನಲ್ಲಿ ತಪ್ಪಾಗಿದ್ದರೆ ಆ ತಪ್ಪನ್ನು ಇಲ್ಲಿಗೂ ತರಬೇಡಿ. ಮೊದಲ ಪದ ರೆಡಿಯಾದ ತಕ್ಷಣ ನನಗೂ ಕಳಿಸಿ, ಅಪ್‌ಲೋಡ್ ಒತ್ತುವ ಮೊದಲು ಇಬ್ಬರೂ ಕೂತು ವಿವರಗಳನ್ನು ಒಂದು ಸಲ ನೋಡೋಣ.